ರಕ್ತಕ್ಕೆ ಬದಲಾಗಿ ಬಾಯಿಯ ದ್ರವ: ರೋಗಪತ್ತೆಯಲ್ಲಿ ಅದರ ಸಾಧ್ಯತೆ ಮತ್ತು ಮಿತಿ

ಬೆಂಗಳೂರಿನ ಉತ್ತರ ಭಾಗದ ಜಕ್ಕೂರು ಬಹುಕಾಲ ತನ್ನ ಕೆರೆಗೂ ವಿಮಾನ ಹಾರಾಟ ತರಬೇತಿ ಶಾಲೆಗೂ ಹೆಸರಾಗಿದ್ದ ಊರು. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಅಲ್ಲಿ ನೆಲೆಗೊಂಡ ಮೇಲೆ ಊರಿನ ಹೆಸರು ವಿಜ್ಞಾನದ ಪ್ರಕಟಣೆಗಳಲ್ಲಿಯೂ ಕಾಣಿಸಿಕೊಳ್ಳತೊಡಗಿತು. 2020ರ ಬೇಸಗೆಯಲ್ಲಿ ಕೋವಿಡ್ ಹರಡುತ್ತಿದ್ದಾಗ ನಾಡಿನ ಪ್ರಯೋಗಾಲಯಗಳಲ್ಲಿ ಯಂತ್ರಗಳಿಗಿಂತಲೂ ಹೆಚ್ಚಾಗಿ ಆರ್‌ಟಿ-ಪಿಸಿಆರ್ ಪರೀಕ್ಷೆಯನ್ನು ತಪ್ಪಿಲ್ಲದೆ ಮಾಡಬಲ್ಲ ಕೈಗಳ ಕೊರತೆ ಎದುರಾಯಿತು. ಆ ಕೊರತೆಯನ್ನು ತುಂಬುವ ಸಲುವಾಗಿ ಈ ಕೇಂದ್ರವು ತನ್ನ ಜಕ್ಕೂರು ಆವರಣದಲ್ಲಿ ಕೋವಿಡ್ ಪತ್ತೆಯ ತರಬೇತಿ ಕೇಂದ್ರವೊಂದನ್ನು ತೆರೆದು, ಸಣ್ಣ ಸಣ್ಣ ತಂಡಗಳಿಗೆ ಶಿಕ್ಷಣ ನೀಡಿತು.

ಅದೇ ದಿನಗಳಲ್ಲಿ ಕನ್ನಡ ಪತ್ರಿಕೆಗಳಲ್ಲಿ ‘ಗಂಟಲ ದ್ರವ’ ಎಂಬ ಮಾತು ನೆಲೆಯೂರಿತು. ಗಂಟಲ ದ್ರವ ಕೊಡುವುದು, ಗಂಟಲ ದ್ರವದ ವರದಿ ಬರುವುದು ದಿನನಿತ್ಯದ ಮಾತಾಯಿತು. ವಾಸ್ತವವಾಗಿ ಹತ್ತಿಕಡ್ಡಿಯು ಮೂಗಿನ ಹಿಂಭಾಗದಿಂದಲೂ ಗಂಟಲ ಗೋಡೆಯಿಂದಲೂ ತರುತ್ತಿದ್ದುದು ಬಹುಮಟ್ಟಿಗೆ ಉಜ್ಜಿ ತೆಗೆದ ಜೀವಕೋಶಗಳು ಮತ್ತು ಲೋಳೆ. ದ್ರವವೆನ್ನುವಂಥದ್ದು ಅದರಲ್ಲಿ ಅಲ್ಪ. ಹೆಸರು ಅಷ್ಟು ನಿಖರವಲ್ಲದಿದ್ದರೂ ಸೂಜಿಯಿಲ್ಲದೆ, ರಕ್ತವಿಲ್ಲದೆ, ಬಾಯಿಯ ಕಡೆಯಿಂದ ರೋಗವನ್ನು ಗುರುತಿಸಬಹುದೆಂಬ ಅರಿವು ಈ ಮಾತಿನ ಮೂಲಕವೇ ಮನೆಮನೆಗೂ ತಲುಪಿತು. ಹಾಗಾದರೆ ಉಳಿದ ಪರೀಕ್ಷೆಗಳಿಗೂ ರಕ್ತವೇಕೆ ಬೇಕು, ಬಾಯಿಯ ದ್ರವವೇ ಸಾಲದೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿಯೇ ನಡೆದ ಕೆಲವು ಕೆಲಸಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬಾಯಿಯ ದ್ರವವನ್ನು ರಕ್ತದ ಅಗ್ಗದ ನಕಲಿನಂತೆ ಕಂಡರೆ ಉತ್ತರ ದೊರೆಯುವುದಿಲ್ಲವೆಂಬುದು ಇಲ್ಲಿನ ಅಭಿಪ್ರಾಯ. ಹುಡುಕುತ್ತಿರುವ ವಸ್ತು ಯಾವುದು, ಅದು ಯಾವ ದಾರಿಯಿಂದ ಬಾಯಿಗೆ ಬರುತ್ತದೆ, ರೋಗದ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು ಒಂದೊಂದು ರೋಗಕ್ಕೂ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ.

ಬಾಯಿಗೆ ಬರುವ ದಾರಿಗಳು

ಕನ್ನಡದಲ್ಲಿ ಈ ದ್ರವಕ್ಕೆ ಹೆಸರುಗಳು ಹಲವು. ಮಗುವಿನ ಬಾಯಿಂದ ಇಳಿಯುವುದು ಜೊಲ್ಲು, ಹೊರಕ್ಕೆ ಹಾಕಿದ್ದು ಉಗುಳು, ಊಟದ ತಟ್ಟೆಗೋ ಕುಡಿಯುವ ಲೋಟಕ್ಕೋ ತಾಗಿದರೆ ಎಂಜಲು, ಪಠ್ಯಪುಸ್ತಕದಲ್ಲಿ ಲಾಲಾರಸ. ಎಂಜಲು ಎಂಬ ಪದಕ್ಕೆ ಅಂಟಿಕೊಂಡಿರುವ ಮೈಲಿಗೆಯ ಭಾವನೆಯನ್ನು ಪರೀಕ್ಷೆಯ ವಿಚಾರದಲ್ಲಿಯೂ ಮರೆಯುವಂತಿಲ್ಲ. ಅದರ ಪರಿಣಾಮವನ್ನು ಮುಂದೆ ಕಾಣಲಿದ್ದೇವೆ. ವೈದ್ಯವಿಜ್ಞಾನವು ‘ಬಾಯಿಯ ದ್ರವ’ ಎಂಬ ವಿಶಾಲವಾದ ಪದವನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಬಾಯಿಯಲ್ಲಿರುವುದು ಒಂದೇ ರಸವಲ್ಲ.

ಕಿವಿಯ ಮುಂಭಾಗದ ಕೆಳಗೆ, ದವಡೆಯ ಅಡಿಯಲ್ಲಿ ಮತ್ತು ನಾಲಿಗೆಯ ಅಡಿಯಲ್ಲಿ ಒಂದೊಂದು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇವುಗಳಲ್ಲಿ ಮೊದಲನೆಯದು. ತುಟಿ, ಕೆನ್ನೆ, ಅಂಗುಳಗಳ ಒಳಪೊರೆಯಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಇವೆಲ್ಲವೂ ಸೇರಿ ಆರೋಗ್ಯವಂತ ವಯಸ್ಕನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ರಸವನ್ನು ಸುರಿಸುತ್ತವೆ. ಅದರ 99 ಭಾಗ ನೀರು. ಇದರ ಜೊತೆಗೆ, ಪ್ರಮಾಣದಲ್ಲಿ ತೀರ ಅಲ್ಪವಾದರೂ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದ ಇನ್ನೊಂದು ದ್ರವವಿದೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿನಲ್ಲಿ ಲೋಮನಾಳಗಳಿಂದ ಜಿನುಗುವ ಈ ಒಸರು ರಕ್ತದ ಸೀರಮನ್ನು ಬಹಳಷ್ಟು ಹೋಲುತ್ತದೆ.

ರಕ್ತದಲ್ಲಿರುವ ಒಂದು ವಸ್ತು ಬಾಯಿಗೆ ಬರಬೇಕಾದರೆ ಈ ದಾರಿಗಳಲ್ಲೊಂದನ್ನು ಹಿಡಿಯಬೇಕು. ಕಾರ್ಟಿಸಾಲ್‌ನಂತಹ ಸಣ್ಣ, ಕೊಬ್ಬಿನಲ್ಲಿ ಕರಗುವ ಅಣುಗಳು ಗ್ರಂಥಿಯ ಕೋಶಗಳ ಪೊರೆಯ ಮೂಲಕವೇ ಸರಾಗವಾಗಿ ದಾಟಿಬರುತ್ತವೆ. ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಂಡಿರುವ ಪಾಲು ದಾಟಲಾರದು. ಸ್ವತಂತ್ರವಾಗಿರುವ ಪಾಲು ಮಾತ್ರ ದಾಟುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಔಷಧಿಯ ಸುಮಾರು 90 ಭಾಗ ಪ್ರೋಟೀನಿಗೆ ಅಂಟಿರುವುದರಿಂದ ಲಾಲಾರಸದಲ್ಲಿ ಕಾಣುವುದು ರಕ್ತದಲ್ಲಿರುವುದರ ಹತ್ತನೆಯ ಒಂದು ಭಾಗದಷ್ಟು. ಮೇಲುನೋಟಕ್ಕೆ ಇದೊಂದು ಕೊರತೆಯೆನಿಸಬಹುದು. ಆದರೆ ಮಿದುಳಿನ ಮೇಲೆ ಕೆಲಸ ಮಾಡುವುದು ಆ ಸ್ವತಂತ್ರ ಪಾಲೇ ಆದುದರಿಂದ, ಈ ಸಂದರ್ಭದಲ್ಲಿ ಬಾಯಿಯ ದ್ರವವು ಹೇಳುವ ಸಂಗತಿ ರಕ್ತದ ಒಟ್ಟು ಲೆಕ್ಕಕ್ಕಿಂತ ಹೆಚ್ಚು ಉಪಯುಕ್ತವಾಗಿರಲೂಬಹುದು. ಕಾರ್ಟಿಸಾಲ್ ಅತಿಯಾಗಿ ಸ್ರವಿಸುವ ಕುಶಿಂಗ್ ರೋಗಸ್ಥಿತಿಯನ್ನು ಗುರುತಿಸಲು ನಡುರಾತ್ರಿಯ ಹೊತ್ತಿನ ಲಾಲಾರಸವನ್ನು ವೈದ್ಯರು ಕೇಳುತ್ತಾರೆ. ರೋಗಿ ಮನೆಯಲ್ಲಿ ಹಾಸಿಗೆಯ ಬಳಿಯೇ ಕೊಡಬಹುದಾದ ಮಾದರಿಯದು. ಆಸ್ಪತ್ರೆಯ ದೀಪದ ಕೆಳಗೆ ಸೂಜಿ ಚುಚ್ಚಿ ತೆಗೆದ ರಕ್ತದಲ್ಲಿ, ಚುಚ್ಚಿದ ಗಾಬರಿಯೇ ಆ ಹಾರ್ಮೋನನ್ನು ಏರಿಸಿಬಿಟ್ಟಿರುತ್ತದೆ.

ಪ್ರತಿಕಾಯಗಳು ದೊಡ್ಡ ಅಣುಗಳು. ಅವು ಪೊರೆಯನ್ನು ದಾಟಲಾರವು. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ ಬಾಯಿಗೆ ಬರುವುದು ಬಹುಮಟ್ಟಿಗೆ ವಸಡಿನ ಸಂದಿನ ಒಸರಿನಿಂದಲೇ. ಅದು ಲಾಲಾರಸದೊಡನೆ ಬೆರೆತ ಮೇಲೆ ಸೀರಮಿನಲ್ಲಿದ್ದುದರ ಸಾವಿರದ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಆದ್ದರಿಂದಲೇ ಪ್ರತಿಕಾಯ ಪರೀಕ್ಷೆಗೆ ಬಟ್ಟಲಿಗೆ ಉಗುಳಿಸುವುದಿಲ್ಲ. ಹೀರುವ ಮೆತ್ತೆಯನ್ನು ಮೇಲಿನ ಮತ್ತು ಕೆಳಗಿನ ವಸಡಿನ ಗುಂಟ ಒತ್ತಿ ಸವರಿಸುತ್ತಾರೆ. ಹುಣಸೆಹಣ್ಣನ್ನು ನೆನೆಸಿಕೊಂಡರೂ ಬಾಯಲ್ಲಿ ನೀರೂರುವುದು ನಮಗೆ ಗೊತ್ತು. ಹಾಗೆ ಊರಿದ ನೀರು ಗ್ರಂಥಿಗಳದು. ವಸಡಿನ ಒಸರು ಅದರಲ್ಲಿ ಮುಳುಗಿಹೋಗುತ್ತದೆ. ಹೆಚ್ಚು ಜೊಲ್ಲು ಸಿಕ್ಕಿತೆಂದು ಹಿಗ್ಗಿದ ಸಂಗ್ರಾಹಕನು ವಾಸ್ತವದಲ್ಲಿ ಕೆಟ್ಟ ಮಾದರಿಯನ್ನು ತಂದಿರುತ್ತಾನೆ.

ಸಾವಿರ ಪಾಲು ತೆಳುವಾದ ಪ್ರತಿಕಾಯ

ಇಷ್ಟು ತೆಳುವಾದ ಪ್ರತಿಕಾಯವನ್ನು ನಂಬಿ ರೋಗವನ್ನು ಹೇಳುವುದು ಹೇಗೆ? 1987ರಲ್ಲಿ ಲಂಡನ್ನಿನ ಪ್ಯಾರಿ, ಪೆರ್ರಿ ಮತ್ತು ಮಾರ್ಟಿಮರ್ ಎಂಬ ಮೂವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ದಿಕ್ಕಿನಲ್ಲಿ ಒಂದು ತಿರುವು. ಸಾಮಾನ್ಯ ವಿಧಾನದಲ್ಲಿ ಪರೀಕ್ಷಾ ಗುಳಿಯ ತಳಕ್ಕೆ ವೈರಾಣುವಿನ ಅಂಶವನ್ನು ಅಂಟಿಸಿ, ಅದಕ್ಕೆ ಬಂದು ಕೂಡುವ ಪ್ರತಿಕಾಯವನ್ನು ಅಳೆಯಲಾಗುತ್ತದೆ. ಮಾದರಿ ತೆಳುವಾದಷ್ಟೂ ಅಳತೆ ಕುಗ್ಗುತ್ತದೆ. ಇದನ್ನು ತಿರುವುಮುರುವು ಮಾಡಿದರೆ ಪರಿಸ್ಥಿತಿ ಬದಲಾಗುತ್ತದೆ. ಗುಳಿಯ ತಳದಲ್ಲಿ ಮೊದಲು ಎಲ್ಲ ಬಗೆಯ ಐಜಿಜಿ ಅಥವಾ ಐಜಿಎಂ ಅಣುಗಳನ್ನೂ ಹಿಡಿಯುವ ಬಲೆಯನ್ನು ಹಾಸಬೇಕು. ಬಲೆ ತುಂಬಿದ ಮೇಲೆ, ಹಿಡಿದವುಗಳಲ್ಲಿ ಎಷ್ಟು ಪಾಲು ಈ ನಿರ್ದಿಷ್ಟ ವೈರಾಣುವನ್ನು ಗುರುತಿಸುತ್ತವೆ ಎಂದು ಕೇಳಬೇಕು. ಬಲೆ ತುಂಬುವಷ್ಟು ಪ್ರತಿಕಾಯ ಮಾದರಿಯಲ್ಲಿದ್ದರೆ ಸಾಕು. ಸೀರಮಿನಲ್ಲಿದ್ದರೂ ಉಗುಳಿನಲ್ಲಿದ್ದರೂ ಆ ಪಾಲು ಬಹುಮಟ್ಟಿಗೆ ಒಂದೇ. ಪಾತ್ರೆಯ ಸಾರಿಗೆ ಎಷ್ಟು ನೀರು ಬೆರೆಸಿದರೂ ಅದರಲ್ಲಿರುವ ಬೇಳೆಗೂ ಸೊಪ್ಪಿಗೂ ಇರುವ ಅನುಪಾತ ಬದಲಾಗದಂತೆ ಇದು.

ಈ ತತ್ತ್ವದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1994ರ ನವೆಂಬರಿನಿಂದ ದಡಾರ, ಮಂಗನಬಾವು, ರುಬೆಲ್ಲಾ ಎಂದು ವರದಿಯಾದ ಪ್ರಕರಣಗಳಿಗೆ ಬಾಯಿಯ ದ್ರವದ ಕಿಟ್ ಕಳುಹಿಸಿ ಖಚಿತಪಡಿಸುವ ವ್ಯವಸ್ಥೆ ಜಾರಿಗೆ ಬಂದಿತು. ಅದರಿಂದ ಹೊರಬಿದ್ದ ಸಂಗತಿ ಗಮನಾರ್ಹ. ಲಸಿಕೆ ವ್ಯಾಪಕವಾದ ಮೇಲೆ, ವೈದ್ಯರು ದಡಾರವೆಂದು ಬರೆದುಕೊಟ್ಟ ಪ್ರಕರಣಗಳಲ್ಲಿ ಬಹುಪಾಲು ದಡಾರವಾಗಿರಲೇ ಇಲ್ಲ. ರೋಗ ಅಪರೂಪವಾದಷ್ಟೂ ಕಣ್ಣಂದಾಜು ಸೋಲುತ್ತದೆ. ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನವು 2017ರ ಫೆಬ್ರವರಿಯಲ್ಲಿ ಆರಂಭವಾದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳು ಅದರ ವ್ಯಾಪ್ತಿಗೆ ಬಂದರು. ಜ್ವರ ಮತ್ತು ಗುಳ್ಳೆ ಕಂಡ ಪ್ರತಿ ಮಗುವನ್ನೂ ಪರೀಕ್ಷಿಸಬೇಕಾದ ಹಂತವನ್ನು ತಲುಪಿದಾಗ, ಎರಡು ವರ್ಷದ ಮಗುವಿನ ತೋಳಿನಲ್ಲಿ ರಕ್ತನಾಳ ಹುಡುಕುವ ಕಷ್ಟವನ್ನು ಕಂಡ ಯಾವ ದಾದಿಗೂ ವಸಡಿನ ಮೆತ್ತೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎಚ್.ಐ.ವಿ.: ಜಕ್ಕೂರು ಮತ್ತು ಸೇವಾಗ್ರಾಮ

ಜಕ್ಕೂರಿನ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ಪ್ರಯೋಗಾಲಯವು ಎಚ್.ಐ.ವಿ.ಯ ‘ಸಿ’ ಉಪಬಗೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. 2004ರಲ್ಲಿ ಈ ತಂಡವು ಇತರ ಸಂಸ್ಥೆಗಳ ಸಹಯೋಗದೊಡನೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಉಪಬಗೆಗಳನ್ನು ಪ್ರತ್ಯೇಕವಾಗಿ ಗುರುತಿಸುವ ಪಿಸಿಆರ್ ವಿಧಾನದ ಮೂಲಕ ದಕ್ಷಿಣದ ರಾಜ್ಯಗಳ ಸೋಂಕುಗಳಲ್ಲಿ ಅತ್ಯಧಿಕ ಪಾಲು ‘ಸಿ’ ಬಗೆಯದೆಂದು ತೋರಿಸಲಾಯಿತು. ಈ ಕೆಲಸಕ್ಕೆ ರಕ್ತವೇ ಬೇಕಾಗಿತ್ತು. ವೈರಾಣುವಿನ ತಳಿಸೂತ್ರವು ರಕ್ತದ ಬಿಳಿ ಕಣಗಳ ಡಿ.ಎನ್.ಎ.ಯಲ್ಲಿ ಹುದುಗಿರುತ್ತದೆ, ಯಾವ ಬಗೆಯ ವೈರಾಣು, ಅದರ ಯಾವ ಭಾಗ ಬದಲಾಗಿದೆ ಎಂದು ಓದಬೇಕಾದರೆ ಆ ಕಣಗಳ ಬಳಿಗೇ ಹೋಗಬೇಕು. ಚಿಕಿತ್ಸೆಯಲ್ಲಿರುವವರ ವೈರಾಣು ಪ್ರಮಾಣವನ್ನು ಅಳೆಯುವುದಕ್ಕೂ, ಸಿಡಿ4 ಕಣಗಳನ್ನು ಎಣಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಬಾಯಿಯ ದ್ರವವು ಉತ್ತರಿಸುವುದು ಬೇರೊಂದು ಪ್ರಶ್ನೆಯನ್ನು: ಈ ವ್ಯಕ್ತಿಯ ದೇಹವು ಎಚ್.ಐ.ವಿ.ಯನ್ನು ಎದುರಿಸಿ ಪ್ರತಿಕಾಯಗಳನ್ನು ತಯಾರಿಸಿದೆಯೇ? ವಸಡನ್ನು ಸವರಿದ ಪಟ್ಟಿಯನ್ನು ದ್ರಾವಣದ ಶೀಷೆಯಲ್ಲಿ ನಿಲ್ಲಿಸಿದರೆ ದ್ರಾವಣವು ಕಾಗದದ ಮೇಲೇರುತ್ತ, ದಾರಿಯಲ್ಲಿ ಅಂಟಿಸಿದ ವೈರಾಣುವಿನ ಪೆಪ್ಟೈಡುಗಳ ಗೆರೆಯನ್ನು ದಾಟುತ್ತದೆ. ಪ್ರತಿಕಾಯವಿದ್ದರೆ ಅಲ್ಲಿ ಗೆರೆ ಮೂಡುತ್ತದೆ. ಇಪ್ಪತ್ತು ನಿಮಿಷಗಳಲ್ಲಿ ಫಲಿತಾಂಶ ಸಿಗುತ್ತದೆ. ಇಂತಹ ಒಂದು ಕಿಟ್ಟಿಗೆ ಅಮೆರಿಕದ ನಿಯಂತ್ರಣ ಸಂಸ್ಥೆಯು 2004ರಲ್ಲಿ ಬಾಯಿಯ ದ್ರವದೊಡನೆ ಬಳಸಲು ಅನುಮತಿ ನೀಡಿತು. 2012ರಲ್ಲಿ ಮನೆಯಲ್ಲಿ ಸ್ವತಃ ಮಾಡಿಕೊಳ್ಳಲು ಒಪ್ಪಿತು. ವಿಶ್ವ ಆರೋಗ್ಯ ಸಂಸ್ಥೆಯು ಸ್ವಯಂಪರೀಕ್ಷೆಯನ್ನು 2016ರಲ್ಲಿ ಶಿಫಾರಸು ಮಾಡಿತು.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕಾಗಿದೆ. ಬಾಯಿಯ ದ್ರವದಲ್ಲಿ ಎಚ್.ಐ.ವಿ. ಪತ್ತೆಯಾಗುತ್ತದೆಂದರೆ ಎಂಜಲಿನಿಂದ ಎಚ್.ಐ.ವಿ. ಹರಡುತ್ತದೆಂದೇ ಅರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಪಟ್ಟಿಯ ಮೇಲಿನ ಗೆರೆ ವೈರಾಣುವಿನದಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯದ್ದು. ಲಾಲಾರಸದಲ್ಲಿ ಈ ವೈರಾಣು ತೀರ ವಿರಳ. ಅದನ್ನು ತಡೆಯುವ ಪ್ರೋಟೀನುಗಳೂ ಅಲ್ಲಿವೆ. ಒಂದೇ ಲೋಟ ಬಳಸಿದ್ದರಿಂದ ಸೋಂಕು ತಗಲುವುದಿಲ್ಲ. ಸೋಂಕಿತರ ಲೋಟವನ್ನು ಬೇರೆ ಇಡುವ ಮನೆಗಳು ಇನ್ನೂ ಇರುವ ನಾಡಿನಲ್ಲಿ, ಪರೀಕ್ಷೆಯ ವಿಧಾನವೇ ಆ ಭಯಕ್ಕೆ ಪುಷ್ಟಿ ನೀಡದಂತೆ ವಿವರಿಸುವುದು ಪರೀಕ್ಷಿಸುವವರ ಹೊಣೆ.

ಭಾರತದಲ್ಲಿ ಈ ಪರೀಕ್ಷೆಯನ್ನು ಮೊದಲಾಗಿ ಒರೆಗೆ ಹಚ್ಚಿದ ಅಧ್ಯಯನಗಳಲ್ಲಿ ಒಂದು ಮಹಾರಾಷ್ಟ್ರದ ಸೇವಾಗ್ರಾಮದ ಗ್ರಾಮೀಣ ಆಸ್ಪತ್ರೆಯಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. ನಿತಿಕಾ ಪಂತ್ ಪೈ ಮತ್ತು ಸಂಗಡಿಗರು 450 ಮಂದಿಯನ್ನು ಪರೀಕ್ಷಿಸಿದಾಗ, ಬಾಯಿಯ ದ್ರವದ ಕಿಟ್ ಸೋಂಕಿತರನ್ನಾಗಲಿ ಸೋಂಕಿಲ್ಲದವರನ್ನಾಗಲಿ ಒಬ್ಬರನ್ನೂ ತಪ್ಪಾಗಿ ಹೇಳಲಿಲ್ಲ. ಅವರಲ್ಲಿ ಹೆಚ್ಚಿನವರು ಸೂಜಿಗಿಂತ ಇದನ್ನೇ ಮೆಚ್ಚಿದರು. ಆದರೆ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು ಮಾಡಿದ ಪರೀಕ್ಷೆಗೂ ಎಲ್ಲೆಡೆಯ ಬಳಕೆಗೂ ಅಂತರವಿರುತ್ತದೆ. ಅದೇ ಸಂಶೋಧಕಿಯ ನೇತೃತ್ವದಲ್ಲಿ 2012ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೋಂಕನ್ನು ಹಿಡಿಯುವ ಸಂವೇದಿತೆ ಬಾಯಿಯ ದ್ರವದಲ್ಲಿ ಸುಮಾರು 98, ರಕ್ತದಲ್ಲಿ ಸುಮಾರು 99.7 ಪ್ರತಿಶತ ಎಂದು ಕಂಡುಬಂದಿತು. ಅಮೆರಿಕದಲ್ಲಿ ಜನರು ಮನೆಯಲ್ಲಿ ತಾವೇ ಮಾಡಿಕೊಂಡಾಗ ಸಂವೇದಿತೆ 92 ಪ್ರತಿಶತಕ್ಕೆ ಇಳಿದಿತ್ತು. ಅಂದರೆ ಸೋಂಕಿತರಾದ ಹನ್ನೆರಡು ಮಂದಿಯಲ್ಲಿ ಒಬ್ಬರಿಗೆ ‘ಇಲ್ಲ’ ಎಂಬ ಉತ್ತರ ದೊರೆಯುತ್ತಿತ್ತು. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪ್ರತಿಕಾಯ ಇನ್ನೂ ರೂಪುಗೊಂಡಿರುವುದಿಲ್ಲ. ಬಾಯಿಯ ದ್ರವದಲ್ಲಿ ಅದು ಕಾಣಲು ರಕ್ತಕ್ಕಿಂತಲೂ ತಡವಾಗುತ್ತದೆ. ಆದಕಾರಣ ಸಂಶಯದ ಘಟನೆಯಿಂದ ಮೂರು ತಿಂಗಳವರೆಗಿನ ‘ಇಲ್ಲ’ವನ್ನು ಕೊನೆಯ ಮಾತಾಗಿ ಸ್ವೀಕರಿಸಲಾಗದು.

ಸಂಖ್ಯೆಗಳ ಸೂಕ್ಷ್ಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ಸಂವೇದಿತೆ 98 ಪ್ರತಿಶತ, ಸೋಂಕಿಲ್ಲದವರನ್ನು ಸರಿಯಾಗಿ ಹೇಳುವ ನಿರ್ದಿಷ್ಟತೆ 99.7 ಪ್ರತಿಶತ ಎಂದುಕೊಳ್ಳೋಣ. ಹತ್ತು ಸಾವಿರ ಜನರಲ್ಲಿ 40 ಮಂದಿಗೆ ಸೋಂಕಿದ್ದರೆ ಕಿಟ್ 39 ಮಂದಿಯನ್ನು ಹಿಡಿಯುತ್ತದೆ. ಉಳಿದ 9,960 ಮಂದಿಯಲ್ಲಿ ಸುಮಾರು 30 ಮಂದಿಗೆ ಹುಸಿಯಾಗಿ ‘ಇದೆ’ ಎನ್ನುತ್ತದೆ. ಗೆರೆ ಮೂಡಿದ 69 ಮಂದಿಯಲ್ಲಿ 30 ಮಂದಿ ನಿರೋಗಿಗಳು. ಸೋಂಕು ಹೆಚ್ಚಿರುವ ಸಾವಿರ ಜನರ ಗುಂಪಿನಲ್ಲಿ 100 ಮಂದಿಗೆ ಸೋಂಕಿದ್ದರೆ 98 ನಿಜ, ಸುಮಾರು 3 ಹುಸಿ. ಕಿಟ್ ಅದೇ, ಗೆರೆಯೂ ಅದೇ. ಅದರ ಅರ್ಥ ಮಾತ್ರ ಬೇರೆ. ಹೀಗಾಗಿ ಬಾಯಿಯ ದ್ರವದ ಪರೀಕ್ಷೆಯು ಶೋಧನೆಯ ಮೊದಲ ಮೆಟ್ಟಿಲು ಮಾತ್ರ. ಖಚಿತಪಡಿಸುವುದು ರಕ್ತದ ಪರೀಕ್ಷೆಯೇ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಪರೀಕ್ಷಾಕ್ರಮವು ರಕ್ತವನ್ನು ಅವಲಂಬಿಸಿ, ಲಕ್ಷಣಗಳಿಲ್ಲದವರಲ್ಲಿ ಮೂರು ಬೇರೆಬೇರೆ ಕಿಟ್‌ಗಳ ಒಮ್ಮತವನ್ನು ಕೇಳುವುದರ ಹಿಂದೆ ಈ ಲೆಕ್ಕವಿದೆ.

ಹುಚ್ಚುನಾಯಿ ರೋಗ: ಜೊಲ್ಲೇ ಸಾಕ್ಷಿ

ಮೇಲಿನ ಉದಾಹರಣೆಗಳಲ್ಲಿ ಬಾಯಿಯ ದ್ರವವು ರಕ್ತದ ಪ್ರತಿನಿಧಿಯಾಗಿ ನಿಲ್ಲುತ್ತದೆ. ರಕ್ತವೇ ನಿರುಪಯುಕ್ತವಾಗಿ, ಜೊಲ್ಲೇ ಮುಖ್ಯ ಸಾಕ್ಷಿಯಾಗುವ ರೋಗವೂ ಒಂದಿದೆ. ಅದರ ಅಧ್ಯಯನದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ.

ರೇಬಿಸ್ ವೈರಾಣು ಕಚ್ಚಿದ ಗಾಯದಿಂದ ನರಗಳ ಗುಂಟ ಮಿದುಳಿಗೆ ಏರುತ್ತದೆ. ಅಲ್ಲಿಂದ ಮತ್ತೆ ನರಗಳ ಮೂಲಕವೇ ಲಾಲಾಗ್ರಂಥಿಗಳಿಗೆ ಇಳಿಯುತ್ತದೆ. ರಕ್ತದಲ್ಲಿ ಅದು ಸಂಚರಿಸುವುದಿಲ್ಲವೆಂದೇ ಹೇಳಬಹುದು. ಪ್ರತಿಕಾಯಗಳೂ ಬಹಳ ತಡವಾಗಿ, ಅನೇಕ ವೇಳೆ ಸಾವಿನ ಸಮೀಪದಲ್ಲಿ ಹುಟ್ಟುತ್ತವೆ. ಹುಚ್ಚುನಾಯಿಯ ಜೊಲ್ಲಿನಲ್ಲಿಯೇ ರೋಗವಿದೆಯೆಂದು 1804ರಲ್ಲಿ ಜರ್ಮನಿಯ ಜಿಂಕೆ ಎಂಬ ವೈದ್ಯ ಪ್ರಯೋಗದಿಂದ ತೋರಿಸಿದ್ದ. 1880ರ ಡಿಸೆಂಬರಿನಲ್ಲಿ ಪ್ಯಾರಿಸಿನ ಆಸ್ಪತ್ರೆಯಲ್ಲಿ ಈ ರೋಗದಿಂದ ಸತ್ತ ಮಗುವೊಂದರ ಜೊಲ್ಲನ್ನು ಲೂಯಿ ಪಾಶ್ಚರ್ ಮೊಲಗಳಿಗೆ ಚುಚ್ಚಿದ. ಮೊಲಗಳು ಎರಡು ದಿನಗಳೊಳಗೆ ಸತ್ತವು. ಆದರೆ ಕೊಂದದ್ದು ರೇಬಿಸ್ ಆಗಿರಲಿಲ್ಲ. ಆ ಜೊಲ್ಲಿನಲ್ಲಿದ್ದ ಬೇರೊಂದು ಸೂಕ್ಷ್ಮಜೀವಿ, ಮುಂದೆ ನ್ಯುಮೋಕಾಕಸ್ ಎಂದು ಹೆಸರಾದದ್ದು. ಸರಿಸುಮಾರು ಅದೇ ಕಾಲದಲ್ಲಿ ಅಮೆರಿಕದ ಸ್ಟರ್ನ್‌ಬರ್ಗ್ ಆರೋಗ್ಯವಾಗಿದ್ದ ತನ್ನದೇ ಉಗುಳಿನಿಂದ ಮೊಲಗಳನ್ನು ಕೊಂದು ಅದೇ ಜೀವಿಯನ್ನು ಕಂಡಿದ್ದ. ಬಾಯಿ ಬರಿದಾದ ಪಾತ್ರೆಯಲ್ಲ; ಅಲ್ಲಿ ನೂರಾರು ಬಗೆಯ ಜೀವಿಗಳು ಮನೆಮಾಡಿಕೊಂಡಿವೆ. ಜೊಲ್ಲಿನ ಪರೀಕ್ಷೆಯ ಚರಿತ್ರೆಯಲ್ಲಿ ಇದು ಮೊದಲ ದೊಡ್ಡ ಎಡವಟ್ಟು. ಪಾಶ್ಚರ್ ಜೊಲ್ಲನ್ನು ಬಿಟ್ಟು ನರಾಂಶದ ಕಡೆಗೆ ತಿರುಗಿದ; ಲಸಿಕೆ ಅಲ್ಲಿಂದ ಬಂದಿತು.

ವೈರಾಣುವಿನ ತಳಿಸೂತ್ರವನ್ನೇ ಹುಡುಕುವ ಪಿಸಿಆರ್ ತಂತ್ರವು ಬಂದ ಮೇಲೆ ಜೊಲ್ಲಿಗೆ ಮರಳಿ ಬೆಲೆ ಬಂದಿತು. ಅಕ್ಕಪಕ್ಕದ ಸಾವಿರ ಜೀವಿಗಳಿದ್ದರೂ ಈ ತಂತ್ರವು ತನಗೆ ಬೇಕಾದ ಸೂತ್ರವನ್ನೇ ಆರಿಸಿ ವರ್ಧಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಿಮ್ಹಾನ್ಸ್‌ನಲ್ಲಿ, ಶಂಪೂರ್ ಮಧುಸೂದನ, ವಿ. ರವಿ ಮೊದಲಾದವರಿದ್ದ ನರವೈರಾಣು ವಿಭಾಗದ ತಂಡವು 2006ರಲ್ಲಿ ಈ ಕುರಿತ ಅಧ್ಯಯನವನ್ನು ಪ್ರಕಟಿಸಿತು. ರೇಬಿಸ್ ರೋಗಿಗಳ ಜೊಲ್ಲನ್ನು ಹಳೆಯ ಬಗೆಯ ಪಿಸಿಆರ್ ಮತ್ತು ತತ್‌ಕ್ಷಣದ ಅಳತೆ ಕೊಡುವ ರಿಯಲ್ ಟೈಮ್ ಪಿಸಿಆರ್ ಎರಡರಿಂದಲೂ ಪರೀಕ್ಷಿಸಿದಾಗ, ಮೊದಲನೆಯದು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ರೋಗಿಗಳನ್ನು ಮಾತ್ರ ಗುರುತಿಸಿತು. ಎರಡನೆಯದು ಸುಮಾರು ಮುಕ್ಕಾಲು ಪಾಲನ್ನು.

ಉಳಿದ ಕಾಲುಭಾಗ ಏಕೆ ತಪ್ಪಿತು? ವೈರಾಣು ಜೊಲ್ಲಿಗೆ ಎಡೆಬಿಡದೆ ಬರುವುದಿಲ್ಲ. ಬಿಟ್ಟು ಬಿಟ್ಟು ಬರುತ್ತದೆ. ಆದ್ದರಿಂದ ಕೆಲವು ಗಂಟೆಗಳ ಅಂತರದಲ್ಲಿ ಕನಿಷ್ಠ ಮೂರು ಬಾರಿ ಜೊಲ್ಲನ್ನು ತೆಗೆಯಬೇಕೆಂಬ ನಿಯಮ ಬಂದಿತು. ಜೊತೆಗೆ ಕತ್ತಿನ ಹಿಂಭಾಗದ ಕೂದಲಿನ ಬುಡದ ಚರ್ಮ ಮತ್ತು ಬೆನ್ನುಹುರಿಯ ದ್ರವವನ್ನೂ ನೋಡುತ್ತಾರೆ. ಎಲ್ಲದರಲ್ಲಿಯೂ ‘ಇಲ್ಲ’ ಎಂದು ಬಂದರೂ ರೋಗವಿಲ್ಲವೆಂದು ಹೇಳುವಂತಿಲ್ಲ.

ಲಕ್ಷಣ ಕಂಡ ಮೇಲೆ ಹೆಚ್ಚುಕಡಿಮೆ ಯಾರೂ ಉಳಿಯದ ರೋಗವನ್ನು ಬದುಕಿರುವಾಗಲೇ ಪತ್ತೆಹಚ್ಚುವುದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಏಳಬಹುದು. ನೀರಿನ ಭಯ ಕಾಣಿಸಿಕೊಂಡ ರೋಗಿಯಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಆದರೆ ಪಾರ್ಶ್ವವಾಯುವಿನ ರೂಪದಲ್ಲಿ ಬರುವ ರೇಬಿಸ್, ಗಿಲ್ಲನ್–ಬಾರೆ ಎಂಬ ವಾಸಿಯಾಗಬಲ್ಲ ನರರೋಗವನ್ನು ಬಹಳ ಹೋಲುತ್ತದೆ. ಆ ಇಬ್ಬರು ರೋಗಿಗಳ ಆರೈಕೆಯ ದಾರಿ ಪೂರ್ತಿಯಾಗಿ ಬೇರೆ. ರೋಗಿಯ ಜೊಲ್ಲು ತಾಗಿದ ಮನೆಯವರಿಗೂ ದಾದಿಯರಿಗೂ ಸಕಾಲದಲ್ಲಿ ಲಸಿಕೆ ಕೊಡಬೇಕಾದೀತು. ಏನಾಗಿದೆಯೆಂದು ತಿಳಿಯದೆ ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತ ಸಾಲ ಮಾಡುವ ಕುಟುಂಬಕ್ಕೆ ಒಂದು ಖಚಿತ ಮಾತನ್ನು ಹೇಳುವುದೂ ವೈದ್ಯರ ಕರ್ತವ್ಯದ ಭಾಗವೇ.

ಮತ್ತೆ ಗಂಟಲ ದ್ರವಕ್ಕೆ

ಕೋವಿಡ್‌ನಲ್ಲಿ ಹುಡುಕಿದ್ದು ಪ್ರತಿಕಾಯವನ್ನಲ್ಲ, ವೈರಾಣುವನ್ನು. ಅದು ಬೆಳೆಯುತ್ತಿದ್ದುದೇ ಮೂಗು, ಗಂಟಲು, ಬಾಯಿಗಳಲ್ಲಿ. ಇಲ್ಲಿ ಸ್ಪರ್ಧೆ ಇದ್ದುದು ರಕ್ತದೊಡನೆ ಅಲ್ಲ, ಹತ್ತಿಕಡ್ಡಿಯೊಡನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2020ರಲ್ಲಿ ಆಸ್ಪತ್ರೆಗೆ ಸೇರಿದ 70 ರೋಗಿಗಳನ್ನು ನೋಡಿದಾಗ, ರೋಗ ಖಚಿತವಾದ ಮೊದಲ ಐದು ದಿನಗಳಲ್ಲಿ ಲಾಲಾರಸದ 81 ಪ್ರತಿಶತ ಮಾದರಿಗಳೂ ಮೂಗಿನ ಹಿಂಭಾಗದ 71 ಪ್ರತಿಶತ ಮಾದರಿಗಳೂ ಪಾಸಿಟಿವ್ ಆಗಿದ್ದವು. ಅದೇ ವರ್ಷ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರು 50 ಸೋಂಕಿತರಿಂದ ಬಾಯಿ ಮುಕ್ಕಳಿಸಿದ ನೀರನ್ನು ಪಡೆದು ಪರೀಕ್ಷಿಸಿದರು. ಎಲ್ಲ ಮಾದರಿಗಳಲ್ಲಿಯೂ ವೈರಾಣು ಸಿಕ್ಕಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಉಪ್ಪುನೀರು ಮುಕ್ಕಳಿಸುವ ಸರಳ ವಿಧಾನವನ್ನು ರೂಪಿಸಿ 2021ರ ಮೇ ತಿಂಗಳಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅನುಮೋದನೆ ಪಡೆಯಿತು. ಹದಿನೈದು ಸೆಕೆಂಡು ಗಂಟಲಲ್ಲಿ ಗಳಗಳ ಮಾಡಿ, ಬಾಯಿ ಮುಕ್ಕಳಿಸಿ, ಅದೇ ನಳಿಕೆಗೆ ಉಗುಳಿದರಾಯಿತು. ಪ್ರಯೋಗಾಲಯದಲ್ಲಿ ಅದಕ್ಕೊಂದು ದ್ರಾವಣ ಬೆರೆಸಿ ಅರ್ಧ ಗಂಟೆ ಇಟ್ಟು, 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ನಿಮಿಷ ಕಾಯಿಸಿದರೆ ಪಿಸಿಆರ್‌ಗೆ ಸಿದ್ಧ. ಆರ್.ಎನ್.ಎ. ಬೇರ್ಪಡಿಸುವ ದುಬಾರಿ ಕಿಟ್ಟೂ ಬೇಡ, ರೋಗಿಯ ಮುಖದೆದುರು ನಿಂತು ಕಡ್ಡಿ ತೂರಿಸುವ ಸಿಬ್ಬಂದಿಯ ಅಪಾಯವೂ ಇಲ್ಲ.

ಜಕ್ಕೂರಿನಲ್ಲಿ ಟಿ. ಗೋವಿಂದರಾಜು ಮತ್ತು ಸಂಗಡಿಗರು ಈ ವೈರಾಣುವಿನ ತಳಿಸೂತ್ರವು ತಾಳುವ ನಾಲ್ಕೆಳೆಯ ವಿಶಿಷ್ಟ ಮಡಿಕೆಯನ್ನು ಗುರುತಿಸಿ ಬೆಳಗುವ ಅಣುವಿನ ಮೂಲಕ ಪತ್ತೆಯ ಹೊಸ ಮಾರ್ಗವನ್ನು ತೋರಿಸಿದರು. ಹುಸಿ ಫಲಿತಾಂಶಗಳನ್ನು ತಗ್ಗಿಸುವ ದೃಷ್ಟಿಯಿಂದ ಇದು ಉಪಯುಕ್ತ. ಆದರೆ ನಳಿಕೆಗೆ ವೈರಾಣುವೇ ಬಂದು ಸೇರದಿದ್ದರೆ ಯಾವ ಅಣುವೂ ಬೆಳಗಲಾರದು. ತಿಂದ ಕೂಡಲೆ, ಎಲೆ ಅಡಿಕೆ ಜಗಿದ ಬಾಯಲ್ಲಿ, ಗುಟ್ಕಾದ ಕೆಂಪಿನಲ್ಲಿ ತೆಗೆದ ಮಾದರಿ ಎಷ್ಟೇ ಸೊಗಸಾದ ರಸಾಯನಶಾಸ್ತ್ರವನ್ನೂ ಸೋಲಿಸೀತು. ಮಾದರಿ ಕೊಡುವ ಮುನ್ನ ಅರ್ಧ ಗಂಟೆ ಬಾಯಿಗೆ ಏನನ್ನೂ ಹಾಕಬಾರದೆಂಬ ಸೂಚನೆ ನಮ್ಮಲ್ಲಿ ಬಿಗಿಯಾಗಿ ಪಾಲನೆಯಾಗಬೇಕಾದುದು ಇದಕ್ಕಾಗಿ.

ಬಾಯಿ ಹೇಳಲಾರದ ಸಂಗತಿಗಳು

ಯಾವುದೇ ಬಡಾವಣೆಯ ರೋಗಪರೀಕ್ಷಾಲಯದ ದರಪಟ್ಟಿಯನ್ನು ನೋಡಿದರೆ ಜನ ಹೆಚ್ಚಾಗಿ ಕೇಳುವ ಪರೀಕ್ಷೆಗಳು ಯಾವುವೆಂಬುದು ತಿಳಿಯುತ್ತದೆ: ಸಕ್ಕರೆ, ಹಿಮೋಗ್ಲೋಬಿನ್, ಮಳೆಗಾಲದಲ್ಲಿ ಡೆಂಗಿಯ ಪ್ಲೇಟ್‌ಲೆಟ್ ಎಣಿಕೆ. ಈ ಮೂರರಲ್ಲಿ ಯಾವುದನ್ನೂ ಇಂದು ಬಾಯಿಯ ದ್ರವದಿಂದ ನೆಚ್ಚಿಕೊಳ್ಳುವಂತೆ ಮಾಡಲಾಗದು. ಹಿಮೋಗ್ಲೋಬಿನ್ ಕೆಂಪು ಕಣದೊಳಗಿದೆ, ಪ್ಲೇಟ್‌ಲೆಟ್ ಸ್ವತಃ ಒಂದು ಕಣ. ಆರೋಗ್ಯವಾದ ವಸಡು ಕಣಗಳನ್ನು ಹೊರಬಿಡುವುದಿಲ್ಲ. ವಸಡಿನಿಂದ ರಕ್ತ ಒಸರುತ್ತಿದ್ದರೆ ಕಣಗಳು ಬಂದಾವು. ಆದರೆ ಆಗ ಅಳೆಯುತ್ತಿರುವುದು ವಸಡಿನ ಕಾಯಿಲೆಯನ್ನು. ಸಕ್ಕರೆಯ ವಿಷಯ ಇನ್ನೂ ತೊಡಕಿನದು. ಲಾಲಾರಸದಲ್ಲಿ ಗ್ಲೂಕೋಸ್ ಇದೆ, ಆದರೆ ತೀರ ಅಲ್ಪ. ಊಟದ ಶೇಷ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು, ಗ್ರಂಥಿಯ ಸ್ಥಿತಿ ಎಲ್ಲವೂ ಅದನ್ನು ಏರಿಳಿಸುತ್ತವೆ. ಇನ್ಸುಲಿನ್ ಪ್ರಮಾಣವನ್ನು ನಿರ್ಧರಿಸಬೇಕಾದ ರೋಗಿಗೆ ಈ ಅಂಕಿ ಅಪಾಯಕಾರಿ. ಬೆರಳ ತುದಿಯ ಸೂಜಿಯಿಂದ ಬಿಡುಗಡೆ ಬಯಸುವ ಮಧುಮೇಹಿಗಳಿಗೆ ಇದು ಬೇಸರದ ಸುದ್ದಿ. ಆದರೂ ಹೇಳಲೇಬೇಕಾದ ಸುದ್ದಿ.

ಸೂಜಿ ಕಾಯುತ್ತಿದ್ದ ಒಪ್ಪಿಗೆ

ಸೂಜಿಯ ನೋವಿಗೆ ಒಂದು ಗುಣವಿತ್ತು. ವ್ಯಕ್ತಿಯ ಅರಿವಿಗೆ ಬಾರದಂತೆ ಅವನ ರಕ್ತವನ್ನು ತೆಗೆಯುವುದು ಕಷ್ಟ. ತೋಳು ಚಾಚುವ ಕ್ಷಣದಲ್ಲಿ ಏಕೆ ಎಂದು ಕೇಳುವ ಅವಕಾಶ ಅವನಿಗಿರುತ್ತದೆ. ಬಾಯಿಯ ದ್ರವಕ್ಕೆ ಆ ಕಾವಲಿಲ್ಲ. ಉದ್ಯೋಗ ಕೊಡುವವನು, ಸಂಬಂಧ ಬೆಳೆಸುವ ಮನೆಯವರು, ಸಂಶಯಪಡುವ ಗಂಡ, ಯಾರು ಬೇಕಾದರೂ ಇನ್ನೊಬ್ಬರ ವಸಡಿಗೆ ಪಟ್ಟಿ ಸವರುವಂತೆ ಒತ್ತಾಯಿಸಬಹುದಾದಷ್ಟು ಅದು ಸುಲಭ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯಿದೆಯು, ವ್ಯಕ್ತಿಯ ತಿಳಿವಳಿಕೆಯುಕ್ತ ಒಪ್ಪಿಗೆಯಿಲ್ಲದೆ ಎಚ್.ಐ.ವಿ. ಪರೀಕ್ಷೆ ನಡೆಸುವುದನ್ನು ನಿಷೇಧಿಸುತ್ತದೆ. ಪರೀಕ್ಷೆಯ ಮೊದಲೂ ನಂತರವೂ ಆಪ್ತಸಮಾಲೋಚನೆಯನ್ನು ಕೇಳುತ್ತದೆ. ನ್ಯಾಯಾಲಯದ ಆದೇಶ, ದಾನದ ರಕ್ತದ ತಪಾಸಣೆ, ಹೆಸರು ತಿಳಿಯದಂತೆ ನಡೆಸುವ ಸಮೀಕ್ಷೆಯಂತಹ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿಯಿದೆ. ಮಾದರಿ ರಕ್ತವೇ ಆಗಿರಲಿ, ಬಾಯಿಯ ದ್ರವವೇ ಆಗಿರಲಿ, ಒಪ್ಪಿಗೆಯ ಅಗತ್ಯ ಒಂದೇ.

ಆಪ್ತಸಮಾಲೋಚನೆಯ ವಿಷಯದಲ್ಲಿಯೂ ಸೂಜಿಯಿಲ್ಲದ ಪರೀಕ್ಷೆ ಒಂದು ಹೊಸ ಸಮಸ್ಯೆಯನ್ನು ತಂದಿದೆ. ರಕ್ತದ ಪರೀಕ್ಷೆಗೆ ಕೇಂದ್ರಕ್ಕೆ ಬಂದವನ ಎದುರಿನಲ್ಲಿ ಫಲಿತಾಂಶ ಹೇಳುವ ಮನುಷ್ಯನೊಬ್ಬ ಕುಳಿತಿರುತ್ತಾನೆ. ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಕಾದು ಎರಡನೆಯ ಗೆರೆಯನ್ನು ಕಂಡವನ ಎದುರಿನಲ್ಲಿ ಯಾರೂ ಇರುವುದಿಲ್ಲ. ಆ ಗೆರೆ ಹುಸಿಯಾಗಿರಬಹುದೆಂಬ ಲೆಕ್ಕವಾಗಲಿ, ನಿಜವಾಗಿದ್ದರೂ ಚಿಕಿತ್ಸೆಯಿಂದ ಪೂರ್ಣಾಯುಷ್ಯ ಬಾಳಬಹುದೆಂಬ ಸಂಗತಿಯಾಗಲಿ ಕಿಟ್ಟಿನ ಕಾಗದದ ಸಣ್ಣ ಅಕ್ಷರಗಳಲ್ಲಿ ಅವನ ಕಣ್ಣಿಗೆ ಬೀಳುವುದು ಸಂದೇಹ. ಇಂತಹವರಿಗಾಗಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 1097 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. ಖಚಿತ ಪರೀಕ್ಷೆಯು ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ. ಅಲ್ಲಿ ರಕ್ತವನ್ನೇ ಕೊಡಬೇಕಾಗುತ್ತದೆ.